ಎರಡು ಕಡೆ ಬೆರಳಿಡುತ್ತಿದ್ದ ಮೇಷ್ಟ್ರು

ಸೊಸೆಗೆ ಹೆಣ್ಣು ಮಗು ಆಯ್ತು ಅನ್ನೋ ಸುದ್ದೀನ ಹಲಗೂರಿನ ಅವಳ ತವರಿನೋರು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ರು. ಅವನು ಮಂಡ್ಯದಲ್ಲಿ ಬಸ್ಸು ನಿಲ್ಲಿಸಿದೋನೇ ನಮ್ಮ ಕಾಲೇಜಿನ ಗೇಟಿಗೆ ಬಂದು, "ಅಜ್ಜಿ ಆದೆ ಕಣಮ್ಮೋ, ಸಕ್ಕರೆ ಎಲ್ಲಿ?" ಅಂತ ಕೂಗಿದ. ನನಗೆ ಪೊರಕೆ ಎಲ್ಲಿಟ್ಟೆ, ಬೀಗದ ಕೈ ಎಲ್ಲಿಟ್ಟೆ, ಒಂದೂ ತಿಳೀಲಿಲ್ಲ. ರಜ ಕೇಳಿದ್ನೋ ಇಲ್ವೋ ಅದೂ ನೆನಪಿಲ್ಲ. ಪೇಟೆಗೆ ಹೋಗಿ ಡಬ್ಬದ ತುಂಬ ಕಲ್ಲುಸಕ್ಕರೆ ತಗೊಂಡು ಮದ್ದೂರಿನ ಬಸ್ಸು ಹತ್ತಿದೆ. ಗುರುತಿದ್ದೋರಿಗೂ ಕೊಟ್ಟೆ, ಗುರುತಿಲ್ಲದೋರಿಗೂ ಕೊಟ್ಟೆ. ಗಂಡೋ ಹೆಣ್ಣೋ ಅಂತ ಕೇಳಿದೋರಿಗೆಲ್ಲ ಹೆಣ್ಣು ಅಂತ ಬಾಯ್ತುಂಬ ಹೇಳ್ದೆ. ಒಬ್ಬಳು, "ಓಗ್ಲಿ ಬುಡಿ, ಮುಂದಿನದು ಗಂಡಾಯ್ತದೆ" ಅಂದ್ಲು. ಅವಳ ಕೈಲಿದ್ದ ಕಲ್ಲುಸಕ್ಕರೆ ವಾಪಸ್ ಈಸ್ಕೊಂಡೆ.

ಮದ್ದೂರಲ್ಲಿ ಇಳಿದು ಮಳವಳ್ಳಿ ಕಡೆ ಹೋಗೋ ಬಸ್ಸಿಗೆ ಕಾಯ್ತಾ ಇದ್ದೆ. ನಮ್ಮ ಕಾಲೇಜಿನ ಚಿಕ್ಕ ಮೇಷ್ಟ್ರು ಎದುರಿಗೆ ಬಂದ್ರು. ಮುಖ ಬಾಡಿತ್ತು. ನನ್ನ ನೋಡಿ ನಿಂತು, "ನಿಮಗೂ ಗೊತ್ತಾಯ್ತಾ ಅಮ್ಮ?" ಅಂದ್ರು.

"ಗೊತ್ತಾಯ್ತು ಸಾರ್! ಕೈ ಹಿಡೀರಿ" ಅಂತ ಹಿಡಿ ತುಂಬ ಸಕ್ಕರೆ ಹಾಕ್ದೆ.

ಅವರು ಆ ಸಕ್ಕರೆ ಹಿಡ್ಕೊಂಡು ನನ್ನೇ ನೋಡ್ತಾ ನಿಂತ್ರು. ಆಮೇಲೆ ಮೆಲ್ಲಗೆ, "ಮೇಷ್ಟ್ರು ಹೋಗ್ಬಿಟ್ರು ಅಮ್ಮ, ಬೆಳಗಿನ ಜಾವ. ಅದಕ್ಕೆ ಬಂದ್ರೇನೋ ಅಂದ್ಕೊಂಡೆ" ಅಂದ್ರು.

ನನ್ನ ಬಾಯಲ್ಲಿ ಇನ್ನೂ ಸಕ್ಕರೆ ಚೂರಿತ್ತು. ನುಂಗೋದೋ ಉಗಿಯೋದೋ? ಇವತ್ತಿಗೂ ನಾನು ಏನು ಮಾಡ್ದೆ ಅಂತ ನನಗೆ ಗೊತ್ತಿಲ್ಲ.

ಚಿಕ್ಕ ಮೇಷ್ಟ್ರ ಹಿಂದೆ ಡಬ್ಬ ಹಿಡ್ಕೊಂಡೇ ಮದ್ದೂರಲ್ಲೇ ಇದ್ದ ಸಾವಿನ ಮನೆಗೆ ಹೋದೆ. ಹೊರಗೆ ಇಟ್ಟರೆ ಯಾರಾದ್ರೂ ಒದೀತಾರೆ, ಒಳಗೆ ತಗೊಂಡೋದ್ರೆ ಹೆಂಗೆ? ಜಗಲಿ ಮೇಲೆ ಇಡ್ತೀನಿ, ಎತ್ಕೋತೀನಿ, ಮತ್ತೆ ಇಡ್ತೀನಿ. ಮೇಷ್ಟ್ರ ಹೆಂಡತಿ ನೋಡಿ, "ಏನಮ್ಮ ಅದು?" ಅಂದ್ರು. ಹೇಳ್ದೆ. ಆ ತಾಯಿ ಅಳ್ತಾ ಇದ್ದೋರು ಕಣ್ಣೊರೆಸ್ಕೊಂಡು, "ಹೆಣ್ಣಾ? ಒಳ್ಳೇದಾಯ್ತು. ಇಲ್ಲಿಂದ ಹಾಗೇ ಹೋಗಿ ಮಗು ಮುಟ್ಟಬೇಡಿ, ಸ್ನಾನ ಮಾಡ್ಕೊಂಡು ಹೋಗಿ" ಅಂದ್ರು. ಅವರಿಗೆ ನಾನು ಸಮಾಧಾನ ಹೇಳ್ಬೇಕಿತ್ತು. ಅವರೇ ನನಗೆ ಬುದ್ಧಿ ಹೇಳಿದ್ರು. ನಾನು ಶಿಂಷಾ ಹೊಳೆಗೆ ಇಳಿದು ಮುಳುಗಿ ಎದ್ದು, ಒದ್ದೆ ಸೀರೇಲೇ ಬಸ್ಸು ಹತ್ತಿ, ಮಳವಳ್ಳೀವರೆಗೂ ಅತ್ಕೊಂಡು ಹೋದೆ, ಮಳವಳ್ಳಿಯಿಂದ ಹಲಗೂರಿನವರೆಗೂ ನಕ್ಕೊಂಡು ಹೋದೆ. ಮಗು ಮೂಗು ನಮ್ಮದೇ. ಅದರಲ್ಲಿ ಅನುಮಾನ ಇಲ್ಲ.

ಈಗ ಕಾಲೇಜಿನ ಹುಡುಗರು, ವರ್ಷದ ಪುಸ್ತಕಕ್ಕೆ ಮೇಷ್ಟ್ರ ಬಗ್ಗೆ ನೀವೂ ಬರ್ಕೊಡಿ ಅಂದವ್ರೆ. ನಾನು ಓದಿರೋದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ್ರೆ ನೀವೇ ತಿದ್ಕೊಳಿ. ನಾನು ಕೊತ್ತತ್ತಿಯಿಂದ ಬಂದು ಮೆಷೀನು ರೂಮಿನ ಕಸ ಗುಡಿಸಿ, ಬಾಗಿಲು ಕಾಯ್ಕೊಂಡು ಇದ್ದೋಳು. ಮೇಷ್ಟ್ರು ಆ ರೂಮಿಗೆ ಯಜಮಾನರು. ಅವರು ದೊಡ್ಡ ಮನುಷ್ಯರೋ ದಡ್ಡ ಮನುಷ್ಯರೋ ಅನ್ನೋದು ಅಷ್ಟು ವರ್ಷ ನೋಡಿದ್ರೂ ನನಗೆ ತೀರ್ಮಾನ ಆಗಿಲ್ಲ. ಒಂದು ದಿನ ಹಿಂಗೆ ಅನ್ನಿಸೋದು, ಒಂದು ದಿನ ಹಂಗೆ.

ಅವರಿಗೆ ಒಂದು ಚಾಳಿ ಇತ್ತು. ಏನಾದ್ರೂ ಎರಡು ಕಡೆ ಬರೆದಿದ್ರೆ ಎಡಗೈ ತೋರುಬೆರಳು ಒಂದರ ಮೇಲೆ, ಬಲಗೈ ತೋರುಬೆರಳು ಇನ್ನೊಂದರ ಮೇಲೆ ಇಟ್ಟು, ಇದನ್ನೊಂದು ಸಲ ಅದನ್ನೊಂದು ಸಲ ನೋಡಿ, ಎರಡನ್ನೂ ಗಟ್ಟಿಯಾಗಿ ಓದೋರು. ಪರೀಕ್ಷೆ ಬಂತು ಅಂದ್ರೆ ಎರಡು ನೋಟಿಸ್ ಬೋರ್ಡು ದೂರ ದೂರ ಇದಾವಲ್ಲ, ಬೆರಳು ಎಟುಕೋದಿಲ್ಲ ಅಂತ ನನ್ನನ್ನ ಒಂದರ ಮುಂದೆ ನಿಲ್ಲಿಸಿ ತಾವು ಇನ್ನೊಂದರ ಮುಂದೆ ನಿಂತು ಕೂಗೋರು.

"ಗಣಿತ, ಬೆಳಗ್ಗೆ!"

"ಗಣಿತ, ಬೆಳಗ್ಗೇನೆಯಾ ಸಾರ್!"

"ಯಾ ಬೇಡ. ಇರೋದಷ್ಟೇ ಓದಿ!"

ಹುಡುಗರು ಬಿದ್ದು ಬಿದ್ದು ನಗೋರು. ಮೇಷ್ಟ್ರಿಗೆ ನಗು ಕೇಳ್ಸೋದೇ ಇಲ್ಲ. "ಒಂದು ಮಾತು ಎರಡು ಕಡೆ ಇದ್ರೆ ಅದು ಒಂದು ಮಾತಲ್ಲ ಅಮ್ಮ, ಎರಡು ಮಾತು. ಎರಡೂ ಬೇರೆ ಬೇರೆ ದಾರಿ ಹಿಡಿಯೋಕೆ ಕಾಯ್ತಾ ಇರ್ತವೆ" ಅನ್ನೋರು. ಅಣ್ಣ ತಮ್ಮಂದಿರ ವಿಷಯ ಹೇಳ್ತಾವ್ರೆ ಅಂತ ನಾನು ಬಹಳ ದಿನ ಅಂದ್ಕೊಂಡಿದ್ದೆ.

ಇಷ್ಟು ಹೇಳೋ ಮನುಷ್ಯ, ಮದ್ದೂರಿನ ಮನೇಲಿ ಒಂದು ಛತ್ರಿ, ಮಂಡ್ಯದ ರೂಮಲ್ಲಿ ಒಂದು ಛತ್ರಿ ಇಟ್ಟಿದ್ರು, ಎಲ್ಲಿ ಮಳೆ ಬಂದ್ರೂ ಇರಲಿ ಅಂತ. ಮಳೆ ಬಂದಾಗ ನೋಡಿದ್ರೆ ಎರಡು ಛತ್ರೀನೂ ಮದ್ದೂರಲ್ಲೇ ಇರೋವು. ರೈಲಿಳಿದು ನೆನ್ಕೊಂಡು ಬರೋರು. ತಲೆ ಒರೆಸ್ಕೊಳಿ ಅಂತ ಟವಲು ಕೊಟ್ರೆ ಮೊದಲು ಮೆಷೀನು ನೆನೆದಿದ್ಯಾ ನೋಡೋರು. ಮೆಷೀನು ಸೂರಿನ ಕೆಳಗೆ ಇರೋದು, ಹೆಂಗೆ ನೆನೆಯುತ್ತೆ? ಕೇಳಿದ್ರೆ, "ಅಲ್ವಾ?" ಅಂತ ನನ್ನೇ ಕೇಳೋರು.

ಎಮ್ಮೆ ಅಂದ್ರೆ ಭಯ ಅವರಿಗೆ. ಹಸು ಆಗ್ಬೋದು, ಎತ್ತು ಆಗ್ಬೋದು, ಎಮ್ಮೆ ಆಗದು. "ಅದರ ಕಣ್ಣಲ್ಲಿ ಏನಿದೆ ಅಂತ ತಿಳಿಯಲ್ಲ" ಅನ್ನೋರು. ಒಂದು ಸಲ ಸ್ಟೇಷನ್ ದಾರೀಲಿ ಎಮ್ಮೆ ಹಿಂಡು ಅಡ್ಡ ಬಂದು, ಅವರು ಪಕ್ಕದ ಸೈಕಲ್ ಶಾಪಿನೊಳಗೆ ಹೊಕ್ಕು, ಮೊದಲನೇ ಪೀರಿಯಡ್ಡೇ ಹೋಯ್ತು. ಹುಡುಗರಿಗೆ ನಿಜ ಹೇಳಿದ್ರು. ಬೇರೆಯೋರಾಗಿದ್ರೆ ರೈಲು ತಡ ಅಂತಿದ್ರು.

ಮೆಷೀನು ವಿಷಯಕ್ಕೆ ಬರ್ತೀನಿ. ಲೆಕ್ಕ ಮಾಡೋ ಕಂಪ್ಯೂಟರು, ಬೀರು ಗಾತ್ರ ಇತ್ತು ಅದು. ಮುಂದುಗಡೆ ಸಾಲಾಗಿ ಸ್ವಿಚ್ಚು, ಸ್ವಿಚ್ಚಿನ ಮೇಲೆ ಸಾಲಾಗಿ ಸಣ್ಣ ದೀಪ. ಪಕ್ಕದಲ್ಲಿ ಒಂದು ಟೈಪ್ ಹೊಡೆಯೋ ಮೆಷೀನು, ಯಾರೂ ಮುಟ್ಟದೇ ತಾನೇ ಹೊಡೀತದೆ. ಮೊದಲನೇ ಸಲ ನೋಡಿದಾಗ ನಾನು ಕೈ ಮುಗಿದೆ. ಅದಕ್ಕೆ ಬಿಸಿಲು ಆಗದು ಅಂತ ತಣ್ಣಗೆ ಗಾಳಿ ಬಿಡೋ ಪೆಟ್ಟಿಗೆ ಹಾಕಿದ್ರು. ಮಂಡ್ಯದ ಬೇಸಿಗೇಲಿ ಇಡೀ ಊರಿಗೆ ಅದೊಂದೇ ತಂಪಾದ ರೂಮು ಅಂತ ನನ್ನ ಅಂದಾಜು.

ಈ ಮೆಷೀನಿಗೆ ಎದ್ದ ತಕ್ಷಣ ಏನೂ ಗೊತ್ತಿರಲ್ಲ ಅಂತೆ. ತಾನು ಯಾರು, ಏನು ಕೆಲಸ, ಒಂದೂ ಗೊತ್ತಿರಲ್ಲ. ನನಗೆ ಇದೊಂದು ಚೆನ್ನಾಗಿ ಅರ್ಥ ಆಯ್ತು, ಯಾಕಂದ್ರೆ ನಾನೂ ಹಂಗೇ ಏಳೋದು. ಅದಕ್ಕೆ ತೂತು ಹೊಡೆದಿರೋ ಕಾಗದದ ಪಟ್ಟಿ ಒಂದು ಇತ್ತು, ಟೇಪು ಅಂತಿದ್ರು. ಮೆಷೀನಿಗೆ ಬುದ್ಧಿ ತುಂಬೋ ಪಟ್ಟಿ ಅದು. ಆ ಬುದ್ಧೀನ ತಲೆಯ ಒಳಗೆ ಯಾವ ಜಾಗದಲ್ಲಿ ಇಡಬೇಕು ಅನ್ನೋ ನಂಬರು ಆ ಟೇಪಲ್ಲೇ ಇರುತ್ತೆ. ಇಟ್ಟಾದ ಮೇಲೆ, ಇಂಥಾ ಜಾಗದಿಂದ ಶುರು ಮಾಡಪ್ಪ ಅಂತ ಅದೇ ನಂಬರನ್ನ ಮೇಷ್ಟ್ರು ಕೈಯಾರೆ ಸ್ವಿಚ್ಚು ಮೇಲೆ ಕೆಳಗೆ ಮಾಡಿ ಹೇಳ್ಬೇಕು. ಸ್ವಿಚ್ಚಿನ ನಂಬರು ಒಂದು ಕಾರ್ಡಲ್ಲಿ ಬರೆದು ಮೆಷೀನಿನ ಹೊಟ್ಟೆಗೆ ಅಂಟಿಸಿದ್ರು. ಟೇಪಲ್ಲೂ ಅದೇ ನಂಬರು, ಕಾರ್ಡಲ್ಲೂ ಅದೇ ನಂಬರು. ಒಂದೇ ಆಗಿರಬೇಕು.

"ಬೇರೆ ಆದ್ರೆ ಏನಾಯ್ತದೆ ಸಾರ್?" ಅಂತ ಕೇಳಿದ್ದೆ.

"ನೀವು ಅಕ್ಕಿ ಒಂದು ಪಾತ್ರೆಗೆ ಹಾಕಿ, ಒಲೆ ಮೇಲೆ ಇನ್ನೊಂದು ಪಾತ್ರೆ ಇಟ್ರೆ ಏನಾಗುತ್ತೆ?"

"ಖಾಲಿ ಪಾತ್ರೆ ಸೀಯ್ತದೆ."

"ಅಷ್ಟೇ. ಇದು ಸೀಯೋದೂ ಇಲ್ಲ. ಸುಮ್ಮನೆ ಕೂರುತ್ತೆ."

ಇನ್ನೊಂದು ವಿಚಿತ್ರ, ಆ ಮೆಷೀನಿನ ನಂಬರಲ್ಲಿ ಎಂಟು, ಒಂಬತ್ತು ಬರ್ತಾನೇ ಇರಲಿಲ್ಲ. ಏಳಕ್ಕೇ ನಿಲ್ಲೋದು. ಯಾಕೆ ಅಂತ ಮೇಷ್ಟ್ರು ಒಂದು ಮಧ್ಯಾಹ್ನ ಪೂರ್ತಿ ಹೇಳಿಕೊಟ್ರು. ನಾನು ಹೂಂ ಹೂಂ ಅಂದೆ. ಸಾಯಂಕಾಲ ನಮ್ಮ ಯಜಮಾನರಿಗೆ ಹೇಳೋಕೆ ಹೋದೆ. ಅವರು ನೀರ್ಗಂಟಿ, ನಾಲೆಯಿಂದ ಗದ್ದೆಗೆ ನೀರು ಬಿಡೋರು. "ಎಂಟೇ ಬರ್ದೇ ಇರೋ ಮಿಸೀನು ಲೆಕ್ಕ ಮಾಡ್ತದಾ? ಓಗಮ್ಮಿ, ನಿಮ್ಮ ಮೇಷ್ಟ್ರು ನಿನ್ನ ಆಡುಸ್ತಾವ್ರೆ" ಅಂದ್ರು. ನನಗೂ ಹಂಗೇ ಅನ್ನಿಸ್ತು.

ಆಯುಧಪೂಜೆ ದಿನ ನಾವೆಲ್ಲ ಸೇರಿ ಮೆಷೀನಿಗೆ ಪೂಜೆ ಮಾಡ್ತಿದ್ವಿ. ಸ್ವಿಚ್ಚಿಗೆ ಕುಂಕುಮ ಹಾಕಬಾರದು, ಅಂಟು ಕೂರುತ್ತೆ, ದೀಪದ ಮೇಲೂ ಹಾಕಬಾರದು. ಹಾಗಾದ್ರೆ ಎಲ್ಲಿ ಹಾಕೋಣ ಅಂದಾಗ ಮೇಷ್ಟ್ರೇ ಆ ಕಾರ್ಡು ತೋರಿಸಿದ್ರು. ಕಾರ್ಡಿನ ಮೇಲೆ ವಿಭೂತಿ ಎಳೆದು, ಅರಿಶಿನ ಕುಂಕುಮ ಇಟ್ಟು, ಹೂವು ಸಿಕ್ಕಿಸಿದ್ವಿ. ವರ್ಷ ವರ್ಷವೂ ಅದೇ ಕಾರ್ಡಿಗೆ. ಅದು ಬರ್ತಾ ಬರ್ತಾ ದೇವರ ಪಟದ ಥರ ಆಗೋಯ್ತು. ಚಿಕ್ಕ ಮೇಷ್ಟ್ರಂತೂ ಬೆಳಗ್ಗೆ ಬಂದ ತಕ್ಷಣ ಅದನ್ನ ಮುಟ್ಟಿ ಕಣ್ಣಿಗೆ ಒತ್ಕೊಳೋರು. ಅವರು ಮೇಷ್ಟ್ರ ಹತ್ತಿರವೇ ಓದಿ ಅದೇ ಕಾಲೇಜಲ್ಲಿ ಕೆಲಸಕ್ಕೆ ಸೇರಿದೋರು. ಮೇಷ್ಟ್ರ ಮುಂದೆ ಇವತ್ತಿಗೂ ಕುರ್ಚಿ ಮೇಲೆ ಕೂತೋರಲ್ಲ. ಇವತ್ತಿಗೂ ಅಂತ ಬರೆದುಬಿಟ್ಟೆ. ಇರಲಿ.

ಒಂದು ವರ್ಷ ಮೆಷೀನಿನ ನೆನಪು ಸಾಲದು ಅಂತ ಹೊಸ ನೆನಪಿನ ಪೆಟ್ಟಿಗೆ ತಂದು ಒಳಗೆ ಸೇರಿಸಿದ್ರು. ತಲೆ ದೊಡ್ಡದಾಯ್ತು ಅನ್ನಿ. ಬುದ್ಧಿ ಇಡೋ ಜಾಗ ಯಾವಾಗಲೂ ತಲೆಯ ಮೇಲ್ತುದೀಲಿ. ತಲೆ ಎತ್ತರ ಆದ್ಮೇಲೆ ಜಾಗದ ನಂಬರೂ ಬದಲಾಗ್ಬೇಕು. ನಂಬರಿನ ಶುರುವಲ್ಲಿ ಒಂದು ಅಂತ ಇದ್ದದ್ದು ಮೂರು ಅಂತ ಆಗ್ಬೇಕು, ಮಿಕ್ಕಿದ್ದೆಲ್ಲ ಹಾಗೇ. ಅಷ್ಟೇ ವಿಷಯ. ಆಗ ಮೇಷ್ಟ್ರು ತಾಯಿ ತಿಥಿಗೆ ಮಳವಳ್ಳಿಗೆ ಹೊರಟಿದ್ರು. ಚಿಕ್ಕ ಮೇಷ್ಟ್ರನ್ನ ಕರೆದು, "ಎರಡೂ ಕಡೆ ಬದಲಾಯಿಸಿ. ಟೇಪಲ್ಲೂ, ಕಾರ್ಡಲ್ಲೂ" ಅಂತ ಎರಡು ಬೆರಳೂ ಎತ್ತಿ ತೋರಿಸಿ ಹೇಳಿದ್ರು. ನಾನು ಅಲ್ಲೇ ನಿಂತಿದ್ದೆ, ಕಿವಿಯಾರೆ ಕೇಳಿದೀನಿ.

ಅವರು ವಾಪಸ್ ಬಂದಾಗ ಚಿಕ್ಕ ಮೇಷ್ಟ್ರು ಕೈ ಕಟ್ಕೊಂಡು, "ಟೇಪು ಹೊಸದಾಗಿ ಮಾಡಿದೀನಿ ಸಾರ್. ಕಾರ್ಡು ತಮ್ಮದು" ಅಂದ್ರು. ಮೇಷ್ಟ್ರು ಸರಿ ಅಂತ ತಲೆ ಆಡಿಸಿದ್ರು. ಇಬ್ಬರೂ ಒಬ್ಬರಿಗೊಬ್ಬರು ಎಷ್ಟು ಮರ್ಯಾದೆ ಕೊಡ್ತಾರೆ ಅಂತ ನನಗೆ ಖುಷಿ ಆಯ್ತು.

ಹೊಸ ಟೇಪು ಒಂದು ಸಲವೂ ಹಾಕಿ ನೋಡೋಕೆ ಮೊದಲೇ, ಅದರ ಮುಂದಿನ ಸೋಮವಾರ ಬೆಂಗಳೂರಿನಿಂದ ಮೂರು ಜನ ಬಂದ್ರು. ಮೆಷೀನು ಮಂಡ್ಯದಲ್ಲೇ ಇರ್ಬೇಕಾ, ಬೇರೆ ಊರಿನ ಕಾಲೇಜಿಗೆ ಹೋಗ್ಬೇಕಾ ಅಂತ ತೀರ್ಮಾನ ಮಾಡೋರು ಅವರು. "ಇದು ಹೋದ್ರೆ ನಾನು ಇಲ್ಲಿ ಏನು ಮಾಡ್ಲಿ ಅಮ್ಮ?" ಅಂತ ಮೇಷ್ಟ್ರು ಬೆಳಗ್ಗೇನೇ ಕೇಳಿದ್ರು. ನನ್ನ ಕೇಳಿದ್ದಲ್ಲ ಅದು, ಗೋಡೇನ ಕೇಳಿದ್ದು. ಚಿಕ್ಕ ಮೇಷ್ಟ್ರು ಹಾರ ಹಿಡ್ಕೊಂಡು ಗೇಟಿನ ಹತ್ತಿರ, ಆಮೇಲೆ ಕಾಫಿ ತಿಂಡಿ ನೋಡ್ಕೊಳೋಕೆ. ಒಳಗೆ ಮೇಷ್ಟ್ರು, ಬಂದೋರು, ಬಾಗಿಲಲ್ಲಿ ನಾನು.

ಟೇಪು ಹಾಕಿದ್ರು. ಟಕಟಕ ಅಂತ ಓದ್ಕೊಂತು. ಮೇಷ್ಟ್ರು ಸ್ವಿಚ್ಚು ಮೇಲೆ ಕೆಳಗೆ ಮಾಡಿದ್ರು. ಕಾರ್ಡು ನೋಡಲೇ ಇಲ್ಲ, ನಾವು ದಿನಾ ರಂಗೋಲಿ ಚುಕ್ಕಿ ಇಡೋ ಹಂಗೆ ಕೈಯೇ ಓಡ್ತು. ಶುರು ಅನ್ನೋ ಸ್ವಿಚ್ಚು ಒತ್ತಿದ್ರು. ದೀಪ ಒಂದು ಸಲ ಮಿಣುಕಿ ಹಾಗೇ ನಿಂತೋದ್ವು. ಮತ್ತೆ ಟೇಪು, ಮತ್ತೆ ಟಕಟಕ, ಮತ್ತೆ ಸ್ವಿಚ್ಚು. ಸತ್ತ ಹಂಗೆ ನಿಂತಿತು. ಬಂದೋರಲ್ಲಿ ಒಬ್ಬರು ಗಡಿಯಾರ ನೋಡ್ಕೊಂಡ್ರು. ಮೇಷ್ಟ್ರ ಅಂಗಿ ಆ ತಣ್ಣನೆ ರೂಮಲ್ಲೂ ಬೆನ್ನಿಗೆ ಅಂಟಿತ್ತು. ನಾನು ಒಳಗೊಳಗೇ ಮುತ್ತತ್ತಿ ಆಂಜನೇಯನಿಗೆ ಹರಸ್ಕೊಂಡೆ. ಅವನಿಗೂ ಆ ಮೆಷೀನು ಅರ್ಥ ಆಗ್ಲಿಲ್ಲ ಅಂತ ಕಾಣ್ತದೆ.

ಗುರುವಾರ ಲಾರಿ ಕಳಿಸ್ತೀವಿ ಅಂತ ಹೇಳಿ ಹೋದ್ರು.

ಮಂಗಳವಾರ ಮೇಷ್ಟ್ರು ಮೆಷೀನಿನ ಬಾಗಿಲು ತೆಗೆದು ಒಳಗೇ ಕೂತಿದ್ರು. ಹೊಸ ಪೆಟ್ಟಿಗೆ ಕೆಟ್ಟಿರಬೇಕು ಅಂತ ಒಂದೊಂದೇ ಹಲಗೆ ಎಳೆಯೋದು, ಊದೋದು, ಸಿಕ್ಕಿಸೋದು. ನಾನು ಹಿಂದಿನ ದಿನ ಯಜಮಾನರು ಹೇಳಿದ್ದನ್ನ ತಡೀಲಾರದೆ ಹೇಳಿಬಿಟ್ಟೆ.

"ನಮ್ಮೋರು, ಮೋಟ್ರು ನಿಂತೋದ್ರೆ ಒಂದು ಒದ್ದು ನೋಡ್ಬೇಕು ಅಂತಾರೆ ಸಾರ್."

ಬೈತಾರೆ ಅಂದ್ಕೊಂಡೆ. ಮೇಷ್ಟ್ರು ಯೋಚನೆ ಮಾಡಿ, "ಎಲ್ಲಿ ಒದೀಬೇಕು ಅಂತ ಹೇಳಿದ್ರಾ?" ಅಂದ್ರು.

ತಮಾಷೆಗೆ ಹೇಳಿದ್ರೋ ನಿಜವಾಗ್ಲೂ ಕೇಳಿದ್ರೋ, ನೀವೇ ಹೇಳಿ. ಊಟದ ಡಬ್ಬಿ ತೆಗೆದಿರಲಿಲ್ಲ ಅವತ್ತು. ಸಾಯಂಕಾಲ ರೈಲಿಗೆ ಹೋಗುವಾಗ ದಾರಿಗೆ ಅಡ್ಡ ಎಮ್ಮೆ ನಿಂತಿತ್ತು, ಅದರ ಪಕ್ಕದಲ್ಲೇ ನಡ್ಕೊಂಡು ಹೋದ್ರು. ನೋಡಲೂ ಇಲ್ಲ. 

ಬುಧವಾರ ಬೆಳಗ್ಗೆ ಚಿಕ್ಕ ಮೇಷ್ಟ್ರು ಎಂದಿನ ಹಾಗೆ ಬಂದು ಕಾರ್ಡು ಮುಟ್ಟಿ ಕಣ್ಣಿಗೆ ಒತ್ಕೊಂಡ್ರು. ಒತ್ಕೊಂಡ ಕೈ ಅಲ್ಲೇ ನಿಂತ್ಕೊಂತು.

"ಸಾರ್."

ಮೇಷ್ಟ್ರ ಕಾಲು ಮಾತ್ರ ಮೆಷೀನಿನಿಂದ ಆಚೆ ಕಾಣ್ತಿತ್ತು. "ಏನು?"

"ಕಾರ್ಡಲ್ಲಿ ಇನ್ನೂ ಒಂದು ಅಂತಲೇ ಇದೆ ಸಾರ್."

"ಇರಲ್ಲ. ನೀವು ಮೂರು ಮಾಡಿದೀರಲ್ಲ."

"ಇಲ್ಲ ಸಾರ್. ಟೇಪಲ್ಲಿ ಮೂರು ಮಾಡ್ದೆ. ಕಾರ್ಡು ತಮ್ಮದು ಅಂದೆ. ತಾವು ಹೂಂ ಅಂದ್ರಿ."

"ಕಾರ್ಡು ನನ್ನದು, ಹೌದು. ಅದಕ್ಕೆ?"

"ತಾವು ಬದಲಾಯಿಸ್ತೀರ ಅಂತ."

ಮೇಷ್ಟ್ರು ನಿಧಾನಕ್ಕೆ ಈಚೆ ಬಂದ್ರು. ತಲೆ ತುಂಬ ಧೂಳು. "ನಾನು ಎರಡೂ ಕಡೆ ನೀವೇ ಬದಲಾಯಿಸಿ ಅಂದಿದ್ನಲ್ಲ?"

ಚಿಕ್ಕ ಮೇಷ್ಟ್ರು ಕಾರ್ಡಿನ ಕಡೆ ಕೈ ತೋರಿಸಿದ್ರು. "ಕುಂಕುಮ ಇತ್ತು ಸಾರ್. ತಮ್ಮ ಕೈಬರಹ. ಅದರ ಮೇಲೆ ಗೀಟು ಎಳೆಯೋಕೆ ನನಗೆ ಕೈ ಬರಲಿಲ್ಲ."

ಈಗ ಹೊಡೀತಾರೆ ಅಂತ ನಾನು ಪೊರಕೆ ಬಿಟ್ಟು ಬಾಗಿಲು ಹಿಡ್ಕೊಂಡೆ. ಮೇಷ್ಟ್ರು ಕಾರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತ್ರು. ಒಂದು ಬೆರಳು ಕಾರ್ಡಿನ ಮೇಲೆ ಇಟ್ರು. ಇನ್ನೊಂದು ಬೆರಳಿಗೆ ಜಾಗ ಹುಡುಕ್ತಾ ಇದ್ದ ಹಂಗೆ ಗಾಳೀಲಿ ಹಿಡ್ಕೊಂಡಿದ್ರು. ಆಮೇಲೆ ಅಂದ್ರು, "ಮೂರು ದಿನದಿಂದ ನಾನೂ ಇದನ್ನ ನೋಡಿಲ್ಲ. ಕೈಗೆ ಗೊತ್ತಿದೆ ಅಂತ ಕಣ್ಣು ಹಾಕದೆ ಸ್ವಿಚ್ಚಲ್ಲಿ ಹಳೇ ಒಂದನ್ನೇ ಹಾಕಿದೀನಿ. ನೀವು ಭಕ್ತಿಯಿಂದ ಬಿಟ್ರಿ, ನಾನು ಸೊಕ್ಕಿನಿಂದ ಬಿಟ್ಟೆ. ಯಾವುದು ವಾಸಿ?"

ಚಿಕ್ಕ ಮೇಷ್ಟ್ರು ಹೋಗಿ ಹೊಸ ಟೇಪು ತಂದುಕೊಟ್ರು.

ಮೇಷ್ಟ್ರು ಎದ್ದು ಟೇಪು ಹಾಕಿದ್ರು. ಈ ಸಲ ಮೂರು ಬರೋ ಹಂಗೆ ಒಂದೊಂದೇ ಸ್ವಿಚ್ಚನ್ನ ಹೊಸದಾಗಿ ಕಲಿಯೋ ಮಗು ಥರ ಮೇಲೆ ಮಾಡಿದ್ರು. ಶುರು ಒತ್ತಿದ್ರು. ದೀಪಗಳೆಲ್ಲ ಓಡಾಡಿದ್ವು, ಪಕ್ಕದ ಟೈಪ್ ಮೆಷೀನು ಟಪ್ ಟಪ್ ಅಂತ ಒಂದು ಸಾಲು ಹೊಡೀತು. ಚಿಕ್ಕ ಮೇಷ್ಟ್ರು ಅತ್ತೇಬಿಟ್ರು. ನಾನು ಕಾರಣ ಗೊತ್ತಿಲ್ಲದೆ ಅತ್ತೆ. ಮೇಷ್ಟ್ರು ಮಾತ್ರ ಹಿಂದಿನ ದಿನದ ಊಟದ ಡಬ್ಬಿ ತೆಗೆದು ಹಳಸಿದ ಮೊಸರನ್ನ ತಿಂದು ಮುಗಿಸಿದ್ರು. ಹಳಸಿದೆ ಸಾರ್ ಅಂದ್ರೆ, "ಹೌದಾ?" ಅಂದ್ರು.

ಆಮೇಲೆ ಕೆಲವು ದಿನಕ್ಕೆ ಅವರು ಆ ಕಾರ್ಡೇ ಬೇಡ ಅನ್ನೋ ಹಂಗೆ ಮಾಡಿದ್ರು. ನಂಬರು ಟೇಪಲ್ಲಿ ಒಂದೇ ಕಡೆ ಇರೋದು, ಎಲ್ಲಿಂದ ಶುರು ಮಾಡ್ಬೇಕು ಅನ್ನೋದನ್ನ ಮೆಷೀನು ಅಲ್ಲಿಂದಲೇ ಕೇಳ್ಕೊಳೋದು. "ಎರಡು ಕಡೆ ಇಟ್ಟು ಕಾಯೋದಕ್ಕಿಂತ ಒಂದೇ ಕಡೆ ಇಡೋದು ವಾಸಿ ಅಮ್ಮ. ಇಷ್ಟು ವರ್ಷ ಕಾಯೋದನ್ನೇ ದೊಡ್ಡ ಕೆಲಸ ಅಂದ್ಕೊಂಡಿದ್ದೆ" ಅಂದ್ರು. ಮುಂದಿನ ಆಯುಧಪೂಜೇಲಿ ಕುಂಕುಮ ಎಲ್ಲಿಡೋದು ಅನ್ನೋದೇ ನನಗೆ ದೊಡ್ಡ ಚಿಂತೆ ಆಯ್ತು. ಹೊಸ್ತಿಲಿಗೆ ಇಟ್ವಿ.

ಮೆಷೀನು ಎದ್ದ ಆ ಬುಧವಾರ ಮಧ್ಯಾಹ್ನವೇ ಪ್ರಿನ್ಸಿಪಾಲರ ರೂಮಿನಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿದ್ರು. ಮೆಷೀನು ಎದ್ದಿದೆ ಅಂತ ಮೇಷ್ಟ್ರು ಫೋನಲ್ಲಿ ಕೂಗಿದ್ದು ಕಾಲೇಜಿಗೆಲ್ಲ ಕೇಳಿಸ್ತು. ಆಯ್ತು, ಇಟ್ಕೊಳಿ, ಲಾರಿ ಬೇಡ ಅಂತೀವಿ ಅಂದ್ರಂತೆ ಆ ಕಡೆಯಿಂದ. ಹುಡುಗರು ಮೇಷ್ಟ್ರನ್ನ ಎತ್ತೋಕೆ ಹೋದ್ರು. ಅವರು, "ಬೇಡ, ಬೇಡ, ನೀವು ಎತ್ತೋರು ಇಬ್ಬರು ಬೇರೆ ಬೇರೆ ಕಡೆ ಹೋದ್ರೆ" ಅಂತ ತಪ್ಪಿಸ್ಕೊಂಡ್ರು.

ಗುರುವಾರ ಬೆಳಗ್ಗೆ ಲಾರಿ ಬಂತು.

ಹಗ್ಗ, ಹುಲ್ಲು, ಗೋಣಿತಾಟು, ಜೊತೆಗೆ ನಾಲ್ಕು ಜನ ಹಮಾಲಿಗಳು. ಡ್ರೈವರು ಇಳಿದೋನೇ ಮೈ ಮುರ್ಕೊಂಡು, "ಎಲ್ಲಮ್ಮ ಆ ಬೀರು?" ಅಂದ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಯಾವ ಬೀರೂ ಇಲ್ಲ. ಓಗಪ್ಪ, ಬ್ಯಾಡ ಅಂತ ನಿನ್ನೇನೇ ಹೇಳವ್ರೆ."

"ಯಾರಿಗ್ ಏಳವ್ರೆ?"

"ಮೇಷ್ಟ್ರಿಗೆ."

"ಮೇಷ್ಟ್ರಿಗ್ ಏಳಿದ್ರೆ ಮೇಷ್ಟ್ರು ಮನೇಲಿರ್ಲಿ. ನಂಗ್ಯಾರೂ ಏಳಿಲ್ಲ ಕಣಮ್ಮ. ನಂಗೆ ಬೀರು ಏರ್ಕೊಂಡು ಬಾ ಅಂದವ್ರೆ."

ಅಷ್ಟರಲ್ಲಿ ಮೇಷ್ಟ್ರು ರೈಲಿಳಿದು ಬಂದ್ರು. ಲಾರಿ ನೋಡಿ ಮುಖ ಬಿಳುಚಿತು. ಡ್ರೈವರ ಮಾತು ಕೇಳಿ ತಲೆ ಆಡಿಸ್ತಾ, "ನಿಮಗೆ ಹೇಳಿರಲ್ಲ. ಖಂಡಿತ ಹೇಳಿರಲ್ಲ. ನನಗೆ ಹೇಳಿ ಮುಗೀತು ಅಂದ್ಕೊಂಡಿರ್ತಾರೆ" ಅಂದ್ರು. ಅದರಲ್ಲಿ ಕೋಪ ಇರಲಿಲ್ಲ. ಯಾರದೋ ಮನೆಯ ಕಷ್ಟ ತಮ್ಮ ಮನೇದೇ ಅಂತ ಗುರುತು ಸಿಕ್ಕಿದ ಹಂಗಿತ್ತು. ಪ್ರಿನ್ಸಿಪಾಲರು ಬಂದು ಡ್ರೈವರ ಕೈಲಿದ್ದ ಮೊಹರಿನ ಕಾಗದ ನೋಡಿ, "ಇದು ಸರ್ಕಾರಿ ಕಾಗದ ಅಲ್ವೇನ್ರೀ. ನಿಮ್ಮ ಹತ್ರ ಇರೋದು ಬರೀ ಫೋನಿನ ಮಾತು" ಅಂದ್ರು. ಮೇಷ್ಟ್ರು, "ಇನ್ನೊಂದು ಸಲ ಫೋನು ಹಾಕ್ತೀನಿ. ಅಲ್ಲೀವರೆಗೂ ಮುಟ್ಟಬೇಡಿ" ಅಂತ ಕೈ ಮುಗಿದ್ರು, ಡ್ರೈವರಿಗೂ ಮುಗಿದ್ರು.

ಟ್ರಂಕ್ ಕಾಲ್ ಬೇಗ ಸಿಗೋದಾ? ಬಿಸಿಲೇರ್ತು. ಹಮಾಲಿಗಳು ಲಾರಿ ನೆರಳಲ್ಲಿ ಬೆವರು ಒರೆಸ್ತಾ ಕೂತಿದ್ರು. ನನಗೆ ನೋಡೋಕೆ ಆಗ್ಲಿಲ್ಲ, ಚಪ್ಪಲಿ ಬಿಟ್ಟು ಒಳಗೆ ಬನ್ರಪ್ಪ ಅಂದೆ. ಮೆಷೀನು ಹೊರೋಕೆ ಬಂದೋರು ಮೆಷೀನಿನ ಕಾಲ ಬುಡದಲ್ಲೇ ಕೂತ್ರು. ತಂಪು ಗಾಳಿ ಬಡಿದ ಮೇಲೆ ಒಬ್ಬೊಬ್ಬರೇ ಗೋಡೆಗೆ ಒರಗಿದ್ರು. ಡ್ರೈವರು ಕೊನೇವರೆಗೂ ಎಚ್ಚರ ಇದ್ದು, "ಇದು ಏನ್ ಮಾಡ್ತದೆ?" ಅಂದ. ಚಿಕ್ಕ ಮೇಷ್ಟ್ರು ಅವನ ಲಾರಿ ನಂಬರು ಕೇಳಿ ಅದ್ರಿಂದ ಹೊಡೆಸಿ ಕೊಟ್ರು. ಅವನು ಆ ಕಾಗದ ನೋಡ್ತಾ ನೋಡ್ತಾ ನಿದ್ದೆ ಹೋದ. ಐದು ಜನರ ಗೊರಕೆ, ಮೆಷೀನಿನ ಸದ್ದು, ಹುಡುಗರ ಪಾಠ, ಎಲ್ಲ ಒಟ್ಟಿಗೆ ನಡೀತು.

ಊಟದ ಹೊತ್ತು ಮೀರಿದ ಮೇಲೆ ಫೋನು ಸಿಕ್ತು. ಮೇಷ್ಟ್ರು ಈ ಸಲ ತಾವು ಮಾತಾಡ್ಲಿಲ್ಲ, ಪ್ರಿನ್ಸಿಪಾಲರ ಕೈಲಿ ಮಾತಾಡಿಸಿದ್ರು. ಆಮೇಲೆ ಡ್ರೈವರನ್ನ ಎಬ್ಬಿಸ್ಕೊಂಡು ಹೋಗಿ ಅವನ ಕಿವಿಗೂ ಫೋನು ಹಿಡಿಸಿ, ಆ ಕಡೆಯೋರು ಬೇಡ ಅಂದದ್ದನ್ನ ಅವನ ಬಾಯಿಂದ ಗಟ್ಟಿಯಾಗಿ ಹೇಳಿಸಿದ್ರು. "ಬ್ಯಾಡವಂತೆ" ಅಂದ ಅವನು, ಕಣ್ಣುಜ್ಜಿಕೊಂಡು. ಹಮಾಲಿಗಳು ಮುಖ ತೊಳ್ಕೊಂಡು, ತಂಪು ರೂಮನ್ನ ಒಂದು ಸಲ ತಿರುಗಿ ನೋಡಿ, ಖಾಲಿ ಲಾರಿ ಹತ್ತಿದ್ರು.

ಲಾರಿ ತಿರುವು ದಾಟಿ ಮರೆ ಆಯ್ತು. ಮೇಷ್ಟ್ರು ಗೇಟು ಬಿಟ್ಟು ಕದಲಲಿಲ್ಲ.

"ಒಳಗೆ ಬನ್ನಿ ಸಾರ್, ಬಿಸಿಲು."

"ನೀವು ಹೋಗಿ ಅಮ್ಮ. ಅವನು ದಾರೀಲಿ ಇನ್ಯಾರನ್ನಾದ್ರೂ ಕೇಳಿ, ಅವರು ಬೇರೆ ಹೇಳಿ, ಲಾರಿ ತಿರುಗಿಸ್ಕೊಂಡು ಬಂದ್ರೆ?"

ನಾನು ಒಳಗಿನಿಂದ ಸ್ಟೂಲು ತಂದು ಗೇಟಿನ ಪಕ್ಕ ಹಾಕ್ದೆ. ಅಷ್ಟು ಓದಿದ ಮನುಷ್ಯ ಕಾವಲುಗಾರನ ಥರ ಅದರ ಮೇಲೆ ಕೂತು, ಸಾಯಂಕಾಲದ ರೈಲಿನ ಹೊತ್ತಿನವರೆಗೂ ಬೆಂಗಳೂರು ರಸ್ತೇನೇ ನೋಡ್ತಾ ಇದ್ರು.